ಆಮಿನಮ್ಮ ಹಾಕದ ಎಲೆ

ಕಾಪುವಿನ ಬ್ಯಾರಿ ಮನೆಗಳಲ್ಲಿ ಮದುವೆಯ ದಿನ ಗೊತ್ತುಮಾಡುವ ಮೊದಲು ಆಮಿನಮ್ಮನಿಗೆ ಪುರುಸೊತ್ತು ಇದೆಯೋ ಎಂದು ಕೇಳುತ್ತಾರೆ. ಮದುಮಗ ದುಬೈಯಿಂದ ಬರುವುದು ತಡವಾದರೂ ಸುಧಾರಿಸಿಕೊಳ್ಳಬಹುದು, ಅವಳ ತುಪ್ಪದ ಅನ್ನವಿಲ್ಲದಿದ್ದರೆ ನೆಂಟರ ಬಾಯಿ ಮುಚ್ಚಿಸುವವರು ಯಾರು? ಗಂಡ ತೀರಿಕೊಂಡ ಮೇಲೆ ಮದುವೆ ಮನೆಗಳಲ್ಲಿ ನೀರುಳ್ಳಿ ಸುಲಿಯಲು ಹೋದವಳು, ನೋಡನೋಡುತ್ತಲೇ ಸೌಟು ಹಿಡಿದಳು. ಅವಳ ವಿದ್ಯೆಯೆಲ್ಲ ಮೂಗಿನಲ್ಲಿತ್ತು. ತುಪ್ಪ ಹದಕ್ಕೆ ಬಂದದ್ದನ್ನು ಅಂಗಳದ ಆಚೆ ನಿಂತೇ ಹೇಳುತ್ತಿದ್ದಳು.

ಆ ಮೂಗು ಕೊರೊನಾ ಜ್ವರದಲ್ಲಿ ಹೋಯಿತು. ಜ್ವರ ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಈ ಸಂಗತಿಯನ್ನು ಅವಳು ಜೊತೆಗೆ ದುಡಿಯುವ ಮಗಳು ಸಬೀನಾಳಿಗೂ ಹೇಳಲಿಲ್ಲ. ವಾಸನೆ ತಿಳಿಯದ ಅಡುಗೆಯವಳನ್ನು ಯಾರು ಕರೆದಾರು? ಕೈಯಳತೆಯನ್ನೇ ನಂಬಿ, ಹೆದರಿ ಹೆದರಿ ಬೇಯಿಸುತ್ತಿದ್ದಳು. ಆದರೂ ಉಂಡವರೆಲ್ಲ ಮೊದಲಿನಂತೆಯೇ ಹೊಗಳುತ್ತಿದ್ದರು. ಅದು ಹೇಗೆಂದು ಅವಳಿಗೇ ಅರ್ಥವಾಗುತ್ತಿರಲಿಲ್ಲ.

ಅಲಿಯಬ್ಬನವರ ಮಗಳ ನಿಖಾಹ್‌ನ ದಿನ ಬೆಳಿಗ್ಗೆ ಮೋಡ ಕಟ್ಟಿತು. ಒಲೆಯನ್ನು ಅಂಗಳದಿಂದ ಹಿತ್ತಿಲಿನ ಹಳೆಯ ತೆಂಗಿನಕಾಯಿ ಶೆಡ್ಡಿಗೆ ಸಾಗಿಸಿದರು. ಆ ಗಡಿಬಿಡಿಯಲ್ಲೇ ಅಡುಗೆ ಸಾಗಿತು. ಅನ್ನ ಮುಕ್ಕಾಲು ಬೆಂದಾಗ ಆಮಿನಮ್ಮ ಪಾತ್ರೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೇಲೆ ಮುಚ್ಚುವ ತಟ್ಟೆ ತರಲು ಹೊರಗೆ ಹೋದಳು.

ತಟ್ಟೆ ಹುಡುಕಿ ತರುವಾಗ ಅಲಿಯಬ್ಬ ಎದುರಾದರು. ಮುಖವೆಲ್ಲ ನಗು. "ಎಂತ ಪರಿಮಳ ಆಮಿನಮ್ಮಾ! ನಿಮ್ಮ ಎಲೆಯ ಘಮ ಗೇಟಿನವರೆಗೆ ಬಂತು."

ಎಲೆ! ತುಪ್ಪದ ಅನ್ನಕ್ಕೆ ಹಾಕುವ ಆ ಉದ್ದನೆಯ ಪರಿಮಳದ ಎಲೆಯನ್ನು ಇವತ್ತು ಆಮಿನಮ್ಮ ಹಾಕಿಯೇ ಇರಲಿಲ್ಲ. ಮೊದಲಾದರೆ ಮೂಗೇ ಎಚ್ಚರಿಸುತ್ತಿತ್ತು. ಓಡಿ ಬಂದು ಚೀಲಕ್ಕೆ ಕೈ ಹಾಕಿದಳು. ಎಲೆಯ ಕಟ್ಟು ಬಿಚ್ಚದೆ ಹಾಗೆಯೇ ಇತ್ತು.

"ಸಬೀನಾ, ಎಲೆ ನೀನು ಹಾಕಿದೆಯಾ?"

"ಇಲ್ಲ ಉಮ್ಮ, ನೀವೇ ಹಾಕಿದ್ದಲ್ವಾ? ಇಷ್ಟು ಪರಿಮಳ ಉಂಟು!"

ಹಾಗಾದರೆ ಈ ಪರಿಮಳ ಎಲ್ಲಿಯದು? ಆಮಿನಮ್ಮ ತಲೆಯೆತ್ತಿದಳು. ಹೊಗೆ ತುಂಬಿದ ಮಾಡಿನ ಅಡ್ಡತೊಲೆಯ ಮೇಲೆ ಎರಡು ಕಣ್ಣು ಮಿನುಗಿದವು. ಉದ್ದ ಬಾಲ, ಕಪ್ಪು ಮೂತಿ. ಮರಬೆಕ್ಕು! ಹಗಲಿಡೀ ಅಲ್ಲಿ ಮಲಗುವ ಪ್ರಾಣಿ, ಬೆಂಕಿಗೆ ಕಂಗಾಲಾಗಿ ಮುದುಡಿ ಕೂತಿತ್ತು. ಮರಬೆಕ್ಕಿನ ಮೂತ್ರಕ್ಕೆ ಈ ಎಲೆಯದೇ ಪರಿಮಳ ಎಂದು ಅವಳ ಅಜ್ಜಿ ಹೇಳುತ್ತಿದ್ದುದು ಈಗ ನೆನಪಾಯಿತು. ಕಣ್ಣು ಕೆಳಗಿಳಿಸಿದಳು. ಪಾತ್ರೆಯ ಬಿಳಿ ಬಟ್ಟೆಯ ನಡುವೆ ಹಳದಿ ಕಲೆ. ಮುಟ್ಟಿದರೆ ಇನ್ನೂ ಒದ್ದೆ.

ಬಟ್ಟೆ ಬದಲಿಸಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ನೆಂಟರು ಬೆರಳು ಚೀಪಿ ಹೊಗಳಿಯೇ ಹೋಗುತ್ತಾರೆ. ಹೇಳಿದರೆ ಈ ಪರಿಮಳ ನಿನಗೇಕೆ ತಿಳಿಯಲಿಲ್ಲ ಎಂದು ಕೇಳುತ್ತಾರೆ. ಅಲ್ಲಿಗೆ ಸೌಟು ಕೆಳಗಿಟ್ಟಂತೆಯೇ. ಚಪ್ಪರದಲ್ಲಿ ಮಕ್ಕಳ ಗದ್ದಲ ಕೇಳುತ್ತಿತ್ತು. ಆ ಮಕ್ಕಳ ಬಾಯಿಗೆ ಇದನ್ನು ಬಡಿಸುವುದೇ? ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಕಾಕ," ಎಂದು ಅಲಿಯಬ್ಬನವರನ್ನು ಕೂಗಿದಳು. "ಈ ಅನ್ನ ನಾನು ಬಡಿಸುವುದಿಲ್ಲ. ಆ ಪರಿಮಳ ನನ್ನದಲ್ಲ." ಬಟ್ಟೆ ತೋರಿಸಿದಳು, ಮಾಡು ತೋರಿಸಿದಳು. ಕೊನೆಗೆ ಹೇಳಬೇಕಾದದ್ದನ್ನೂ ಹೇಳಿದಳು. "ಕೊರೊನಾದ ನಂತರ ನನಗೆ ವಾಸನೆಯೇ ಗೊತ್ತಾಗುವುದಿಲ್ಲ."

ಅಲಿಯಬ್ಬ ಬಗ್ಗಿ ಬಟ್ಟೆಯ ಕಲೆಯನ್ನು ನೋಡಿದರು. "ಹರಾಮ್ ತಿನ್ನಿಸಲಿಲ್ಲವಲ್ಲ, ಅಷ್ಟು ಸಾಕು. ಅಕ್ಕಿ ಉಂಟು, ಹೊತ್ತೂ ಉಂಟು. ಆದರೆ ವಾಸನೆ ಗೊತ್ತಾಗದೆ ಇನ್ನೊಮ್ಮೆ ಹೇಗೆ ಮಾಡುತ್ತೀರಿ?"

"ಇಷ್ಟು ದಿನ ಮಾಡಿದ ಹಾಗೆಯೇ," ಎಂದಳು ಸಬೀನಾ. "ನನಗೆ ಮೊದಲೇ ಗೊತ್ತಿತ್ತು ಉಮ್ಮ. ನೀವು ಮರೆತಾಗೆಲ್ಲ ನಾನೇ ಹಾಕುತ್ತಿದ್ದೆ. ಇವತ್ತು ಪರಿಮಳ ಬಂತು, ನೀವೇ ಹಾಕಿದಿರಿ ಎಂದು ಖುಷಿಯಲ್ಲಿ ಸುಮ್ಮನಿದ್ದೆ."

ಆಮಿನಮ್ಮ ಮಗಳ ಮುಖವನ್ನೇ ನೋಡಿದಳು. ಒಲೆಯನ್ನು ಚಪ್ಪರದ ಬದಿಗೆ ಹೊರಿಸಿ, ಹೊಸ ಪಾತ್ರೆಗೆ ತುಪ್ಪ ಸುರಿದಳು. ಎಲೆಯ ಕಟ್ಟನ್ನು ಸಬೀನಾಳ ಕೈಗಿಟ್ಟಳು.

"ಇನ್ನು ಕದ್ದು ಹಾಕಬೇಡ," ಎಂದಳು. "ನನಗೆ ಹೇಳಿ ಹಾಕು."