ಬೆಣೆ ಕೆತ್ತಿದವನು ನಾನು

ಹೋದ ಭಾನುವಾರ ಬೆಳಿಗ್ಗೆ ಮೊಮ್ಮಗಳು ನನ್ನ ಹಳೆಯ ತಗಡಿನ ಪೆಟ್ಟಿಗೆಯನ್ನು ಕೆದಕುತ್ತಿದ್ದಳು. ಅವಳು ಓದುವ ಮೇಜಿನ ಒಂದು ಕಾಲು ಗಿಡ್ಡ, ಅದರಡಿ ಇಡಲು ಏನಾದರೂ ಬೇಕಿತ್ತು. ಸ್ಪ್ಯಾನರುಗಳ ಕೆಳಗಿನಿಂದ ಹೆಬ್ಬೆರಳುದ್ದದ ಮರದ ಚೂರೊಂದನ್ನು ಎತ್ತಿ, "ತಾತ, ಇದು ಕರೆಕ್ಟಾಗಿ ಕೂತ್ಕೊಳತ್ತೆ ನೋಡು" ಎಂದಳು. ಒಂದು ತುದಿ ದಪ್ಪ, ಇನ್ನೊಂದು ತುದಿ ಚೂಪು, ಮೈಯೆಲ್ಲ ಕಪ್ಪು ಟೇಪಿನ ಅಂಟು. ಕಿತ್ತುಕೊಂಡು ಮೂಸಿದೆ. ಇಷ್ಟು ವರ್ಷಗಳಾದರೂ ಪ್ರೆಸ್ ಶಾಪಿನ ಎಣ್ಣೆಯ ವಾಸನೆ ಹೋಗಿರಲಿಲ್ಲ...

"ಇದು ಬೇಡ!" ಎಂದು ಗದರಿದೆ. ಮಗು ಬೆಚ್ಚಿಬಿತ್ತು. ನನ್ನ ಸಿಟ್ಟು ಅವಳ ಮೇಲಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಗೆ ಸೇರಿ, ಅಲ್ಲಿಯೇ ಸೂಪರ್‌ವೈಸರ್ ಆಗಿ ನಿವೃತ್ತನಾದವನು. ತಗಡು ಒತ್ತುವ ಪ್ರೆಸ್ಸುಗಳ ವಿಭಾಗ ನನ್ನದು. ಅಲ್ಲಿ ಆಪರೇಟರ್ ಆಗಿದ್ದ ಒಬ್ಬರನ್ನು ಎಲ್ಲರೂ ಮಾಸ್ಟರ್ ಎನ್ನುತ್ತಿದ್ದರು. ಶಿಫ್ಟ್ ಮುಗಿಸಿ ಬಂದು, ಟಿ. ದಾಸರಹಳ್ಳಿಯ ನಮ್ಮ ಬೀದಿಯ ಮೂಲೆಮನೆಯ ತಾರಸಿಯಲ್ಲಿ ಅವರು ಮಕ್ಕಳಿಗೆ ಕರಾಟೆ ಕಲಿಸುತ್ತಿದ್ದರು. ಆಗ ಏಳನೇ ತರಗತಿಯಲ್ಲಿದ್ದ ನನ್ನ ಮಗಳೂ ಹೋಗುತ್ತಿದ್ದಳು. ಒಣಹಾಕಿದ ಬಟ್ಟೆಗಳ ನಡುವೆ ಮಕ್ಕಳು ಕುದುರೆಯ ಮೇಲೆ ಕೂತಂತೆ ಮಂಡಿ ಬಗ್ಗಿಸಿ, ಕಾಲು ಅಗಲಿಸಿ, ಅಲ್ಲಾಡದೆ ನಿಲ್ಲಬೇಕು. ಅದೇ ಮೊದಲ ಪಾಠ, ತಿಂಗಳುಗಟ್ಟಲೆ ಅದೇ ಪಾಠ. ಒಮ್ಮೆ ಮಗಳನ್ನು ಕರೆತರಲು ಹೋದಾಗ ಕೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಕಾಲು ನಡುಗ್ತಿದೆ ಮಾಸ್ಟರ್" ಎಂದಳು ಮಗಳು.

"ನಡುಗ್ಲಿ ಬಿಡಮ್ಮ, ನಡುಗ್ತಾನೇ ನಿಂತ್ಕೋ. ನಿಂತೋರ ಕಾಲೇ ಕಣಮ್ಮ ನಡುಗೋದು. ಕೂತೋರ ಕಾಲು ಯಾಕೆ ನಡುಗತ್ತೆ?"

ನಾನು ನಕ್ಕಿದ್ದೆ. ಮಕ್ಕಳನ್ನು ಸುಮ್ಮನೆ ನಿಲ್ಲಿಸಿ ಹೊತ್ತು ಕಳೆಯುವುದೂ ಒಂದು ವಿದ್ಯೆಯೇ ಎಂದುಕೊಂಡಿದ್ದೆ.

ಈಗ ಆ ಬೆಣೆಯ ವಿಷಯ ಹೇಳಬೇಕು. ಪ್ರೆಸ್ಸಿಗೆ ಎರಡು ಗುಂಡಿಗಳಿರುತ್ತವೆ. ಎರಡನ್ನೂ ಎರಡು ಕೈಯಲ್ಲಿ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದಾಗ ಯಾವ ಕೈಯೂ ಅಚ್ಚಿನೊಳಗೆ ಸಿಗುವುದಿಲ್ಲ. ಅದನ್ನು ಮಾಡಿದವರು ಬುದ್ಧಿವಂತರು. ಅದನ್ನು ಕೆಡಿಸಿದವರು ನಾವು. ಎಡಗಡೆಯ ಗುಂಡಿ ಒತ್ತಿಕೊಂಡೇ ಇರುವಂತೆ ಒಂದು ಮರದ ಬೆಣೆ ಸಿಕ್ಕಿಸಿ ಟೇಪು ಸುತ್ತಿದರೆ, ಬಲಗೈಯೊಂದೇ ಸಾಕು. ಎಡಗೈ ಅಷ್ಟರಲ್ಲಿ ಮುಂದಿನ ತಗಡು ಇಡುತ್ತದೆ, ಕೆಲಸ ಓಡುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಸೀಳಿ ಆ ಬೆಣೆಗಳನ್ನು ಕೆತ್ತುತ್ತಿದ್ದವನು ನಾನೇ. ಆಡಿಟ್‌ನವರು ಬರುವ ದಿನ ಎಲ್ಲವೂ ನನ್ನ ಜೇಬಿಗೆ, ಅವರು ಗೇಟು ದಾಟಿದ ಮೇಲೆ ಮತ್ತೆ ಮೆಷಿನ್ನಿಗೆ. ಮೇಲಿನವರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಟಾರ್ಗೆಟ್ ಮುಟ್ಟಿದ ದಿನ ನನ್ನ ಬೆನ್ನು ತಟ್ಟುತ್ತಿದ್ದ ಕೈಗಳಿಗೆ ಹತ್ತು ಹತ್ತು ಬೆರಳಿದ್ದವು!

ಮಾಸ್ಟರ್ ಒಬ್ಬರೇ ಬೆಣೆ ಬೇಡವೆನ್ನುತ್ತಿದ್ದರು. "ಎರಡ್ ಕೈಗೂ ಕೆಲ್ಸ ಇರ್ಲಿ ಸಾರ್. ಮೈಮರೆಯೋದು ಮನುಷ್ಯನ ಗುಣ."

ಒಂದು ವಾರ ಆರ್ಡರ್ ಜಾಸ್ತಿಯಿತ್ತು. ಅವರ ಮೆಷಿನ್ನು ಹಿಂದೆ ಬಿದ್ದಿತ್ತು. ನಾನು ಎಲ್ಲರ ಮುಂದೆ ಬೆಣೆ ಹಿಡಿದು ಹೋಗಿ, "ಏನ್ ಮಾಸ್ಟರ್, ಕೈ ಗಾಳಿಗಿಂತ ಸ್ಪೀಡು ಅಂತ ನಿಮ್ಮ ಶಿಷ್ಯೆ ಮನೇಲಿ ಹೇಳ್ತಾಳೆ. ಇಲ್ಲೊಸಿ ತೋರ್ಸಿ ನೋಡಣ" ಎಂದೆ. ಪಕ್ಕದ ಮೆಷಿನ್ನಿನವನು, "ಅವ್ರ ಸ್ಪೀಡೆಲ್ಲ ಚಿಕ್ಕ ಮಕ್ಕಳ ಹತ್ರ ಕಣಣ್ಣ" ಎಂದ. ಎಲ್ಲರೂ ನಕ್ಕರು. ಮಾಸ್ಟರ್ ನಗಲಿಲ್ಲ. ನನ್ನ ಕೈಯಿಂದಲೇ ಬೆಣೆ ಸಿಕ್ಕಿಸಿದೆ.

ಮೂರನೆಯ ದಿನ, ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ ತಗಡೊಂದು ಓರೆಯಾಗಿ ಕೂತಿತ್ತು. ಎಡಗೈ ಅದನ್ನು ಸರಿಮಾಡುತ್ತಿತ್ತು. ಬಲಗೈ ಮೂರು ದಿನದ ಅಭ್ಯಾಸದಂತೆ ಗುಂಡಿ ಒತ್ತಿತು.

ಹೆಬ್ಬೆರಳೊಂದು ಉಳಿಯಿತು.

ಅವರನ್ನು ಆಸ್ಪತ್ರೆಗೆ ಹೊತ್ತೊಯ್ಯುವಾಗ ಎಲ್ಲರೂ ಹಿಂದೆ ಓಡಿದರು. ನಾನು ಓಡಲಿಲ್ಲ. ಮೆಷಿನ್ನಿನ ಹತ್ತಿರ ಹೋಗಿ ಬೆಣೆ ಕಿತ್ತು ಜೇಬಿಗೆ ಹಾಕಿಕೊಂಡೆ. ರಕ್ತ ಒರೆಸುವ ಮೊದಲೇ ನಾನು ಮಾಡಿದ ಕೆಲಸ ಅದು...

ಕಾರ್ಖಾನೆಯಲ್ಲಿ ಅಪಘಾತದ ವಿಚಾರಣೆ ಇತ್ತು. ಅದರ ಹಿಂದಿನ ದಿನ ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಹೆಂಡತಿ ಕೊಟ್ಟ ಕಾಫಿ ಲೋಟವನ್ನು ಬಲಗೈಯಲ್ಲಿ ಹಿಡಿದು, ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ಕೈ ಹೋಯ್ತು, ಹೋಗ್ಲಿ ಸಾರ್. ನಾಳೆ ಬೆಣೆ ನಾನಿಟ್ಟಿದ್ದಲ್ಲ ಅಂತ ಒಂದ್ ಮಾತು ಹೇಳ್ಬಿಡಿ. ಮಕ್ಕಳಿಗೆ ಎಚ್ಚರ ಕಲ್ಸೋನು ನಾನು. ನನ್ನ ಹೆಸ್ರು ಮುಂದೆ ಅಜಾಗ್ರತೆ ಅಂತ ಬರೀಬಾರ್ದು."

"ನೋಡೋಣ ಮಾಸ್ಟರ್" ಎಂದೆ.

ಮಾರನೆಯ ದಿನ ಸಾಹೇಬರ ಮುಂದೆ ನಾನು ಹೇಳಿದ್ದು ಬೇರೆ. ಆತನೇ ಏನನ್ನೋ ಸಿಕ್ಕಿಸಿಕೊಂಡಿದ್ದ, ನಾನು ಎಷ್ಟೋ ಸಲ ಎಚ್ಚರಿಸಿದ್ದೆ ಎಂದೆ. ಪಕ್ಕದ ಮೆಷಿನ್ನಿನವನು ನೆಲ ನೋಡುತ್ತಿದ್ದ. ಅವನಿಗೆ ಓವರ್‌ಟೈಮ್ ಕೊಡುವುದು ನನ್ನ ಕೈಯಲ್ಲಿತ್ತು. ಕಾಗದದಲ್ಲಿ ಸ್ವಂತ ಅಜಾಗರೂಕತೆ ಎಂದೇ ಬರೆದು ಅವರನ್ನು ಕೆಲಸದಿಂದ ತೆಗೆದರು. ಆ ಕಾಗದ ನೋಡಿ ಬೇರೆ ಯಾವ ಕಾರ್ಖಾನೆಯೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಮಾಕಳಿಯ ಒಂದು ಗೋಡೌನಿನಲ್ಲಿ ವಾಚ್‌ಮನ್ ಆದರು. ಮನೆಯಲ್ಲಿಯೂ ನಾನು ಅದೇ ಸುಳ್ಳು ಹೇಳಿದೆ. ಮಗಳು ನಂಬಿದಳು. ಅಪ್ಪನ ಮಾತು ಯಾಕೆ ನಂಬಬಾರದು?

ಗಾಯ ಮಾಗಿದ ಮೇಲೆ ಅವರು ಮತ್ತೆ ತಾರಸಿ ಹತ್ತಿದರು. ಅವತ್ತಿನ ಸಂಗತಿಯನ್ನು ಮಗಳು ಮನೆಗೆ ಬಂದು ಹೇಳಿದ್ದಳು. ಮಕ್ಕಳೆಲ್ಲ ಮಂಡಿ ಬಗ್ಗಿಸಿ ನಿಂತಿದ್ದರಂತೆ. ಮಾಸ್ಟರ್ ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳಲು ಹೋದರಂತೆ. ಜಾರಿತು. ಮತ್ತೆ ಜಾರಿತು. ಇವಳು ಸಹಾಯಕ್ಕೆ ಓಡಿದರೆ, "ನಿನ್ನ ಜಾಗದಲ್ಲಿ ನಿಂತ್ಕೋ" ಎಂದರಂತೆ. ಕೊನೆಗೆ ಒಂದು ತುದಿ ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಹೆಬ್ಬೆರಳಿಗೆ ಸುತ್ತಿ, ಗಂಟು ಹಾಕಿಯೇಬಿಟ್ಟರು. ಅಷ್ಟು ಹೊತ್ತೂ ಒಂದು ಮಗುವೂ ಕಾಲು ಸಡಿಲಿಸಲಿಲ್ಲ. ಆಮೇಲೆ ಎಡಗೈ ಮುಷ್ಟಿಯ ಪಟ್ಟುಗಳನ್ನೆಲ್ಲ ಮೊಣಕೈಗೆ ಬದಲಾಯಿಸಿಕೊಂಡು, ತಾವೇ ಮೊದಲ ದಿನದ ವಿದ್ಯಾರ್ಥಿಯ ಹಾಗೆ ಕಲಿತರು. ಗೋಡೌನಿನ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಜೋತುಬಿದ್ದು ಬಂದು ಕಲಿಸಿದರು, ವರ್ಷಗಟ್ಟಲೆ. ನನ್ನ ಮಗಳಿಗೆ ಬ್ಲ್ಯಾಕ್ ಬೆಲ್ಟು ಕಟ್ಟಿದ್ದೂ ಅದೇ ಕೈ, ಅದೇ ಹಲ್ಲು. ನನ್ನ ವಿಷಯ ಒಂದು ಮಾತು ಅವಳ ಕಿವಿಗೆ ಹಾಕಲಿಲ್ಲ. ಬೀದಿಯಲ್ಲಿ ಎದುರಾದರೆ, "ಚೆನ್ನಾಗಿದೀರಾ ಸಾರ್?" ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಂದು ಸಲ ಕೊರಳಪಟ್ಟಿ ಹಿಡಿದು ಹೊಡೆಯಬಾರದಿತ್ತೇ ಮನುಷ್ಯ!

ಹೋದ ವರ್ಷ ಅವರು ತೀರಿಕೊಂಡರು. ಬೀದಿಯಲ್ಲಿ ಬ್ಯಾನರ್ ಕಟ್ಟಿದ್ದರು: 'ತನ್ನ ತಪ್ಪಿನಿಂದ ಬಿದ್ದು, ತನ್ನ ಛಲದಿಂದ ಎದ್ದ ಗುರು.' ಭಾಷಣ ಮಾಡಿದವರೆಲ್ಲ ಛಲ, ಛಲ ಎಂದು ಬಾಯಿ ತುಂಬ ಹೊಗಳಿದರು. ಎದ್ದದ್ದು ಅವರ ಛಲದಿಂದ, ನಿಜ. ಬೀಳಿಸಿದವನು ಮುಂದಿನ ಸಾಲಿನಲ್ಲಿ ಕೈಮುಗಿದು ಕೂತಿದ್ದ. ಯಾರೂ ಕೇಳಲಿಲ್ಲ. ಎದ್ದು ನಿಂತವನನ್ನು ಹೊಗಳುವ ಗದ್ದಲದಲ್ಲಿ, ತಳ್ಳಿದ್ದು ಯಾರು ಎಂದು ಕೇಳುವ ತೊಂದರೆಯೇ ಇಲ್ಲ ನೋಡಿ! ಕಾರ್ಖಾನೆಯವರು ದೊಡ್ಡ ಹಾರ ಕಳಿಸಿದ್ದರು. ಥೂ!

ಆ ತಾರಸಿಯ ತರಗತಿಯನ್ನು ಈಗ ನಡೆಸುವವಳು ನನ್ನ ಮಗಳು. ಹೊಸ ಮಕ್ಕಳು ಬಂದಾಗಲೆಲ್ಲ ಮಾಸ್ಟರ್ ಕಥೆ ಹೇಳುತ್ತಾಳೆ, ನಾನು ಹೇಳಿಕೊಟ್ಟ ಹಾಗೆಯೇ.

ಭಾನುವಾರ ಆ ಬೆಣೆಯನ್ನು ಅವಳ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ಅವಳು ಅದನ್ನು ಮುಟ್ಟಲಿಲ್ಲ. "ಎಷ್ಟು ಮಕ್ಕಳಿಗೆ ಈ ಸುಳ್ಳು ಹೇಳಿದೀನಿ ಗೊತ್ತಾ ಅಪ್ಪಾ? ನನ್ ಬಾಯಲ್ಲಿ ಹೇಳ್ಸಿದೀಯ" ಎಂದಳು. ಆಮೇಲೆ, "ಸಂಜೆ ನೀನೇ ಬಂದು ಹೇಳು."

ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿದೆ. ಮಕ್ಕಳು ಸಾಲಾಗಿ ನಿಂತಿದ್ದರು, ಮೊಮ್ಮಗಳೂ ಇದ್ದಳು. ನೀರಿನ ಟ್ಯಾಂಕಿನ ಪಕ್ಕದ ಗೋಡೆಯಲ್ಲಿ ಮಾಸ್ಟರ್ ಪಟ. ಕೇಳಬೇಕಾಗಿದ್ದವರು ಅವರೊಬ್ಬರೇ... ಅವರಿಗೆ ನಾನು ತಡವಾಗಿ ಬಂದಿದ್ದೆ. ಹೇಳಿದೆ. ದೂರದಲ್ಲಿ ಮೆಟ್ರೋ ಹಾದುಹೋಯಿತು, ಅದರ ಸದ್ದು ಅಡಗುವವರೆಗೆ ಕಾದು ಮತ್ತೆ ಹೇಳಿದೆ, ಒಂದಕ್ಷರವೂ ತಪ್ಪಿಹೋಗಬಾರದೆಂದು.

"ಮಾಸ್ಟರ್ ತಾತ ನಿಂಗೆ ಹೊಡೀಲಿಲ್ವಾ?" ಮೊಮ್ಮಗಳು ಕೇಳಿದಳು.

"ಇಲ್ಲಮ್ಮ."

"ಯಾಕೆ?"

ಗೋಡೆಯ ಪಟದ ಕಡೆ ನೋಡಿದೆ. ನನ್ನ ಕಾಲುಗಳು ನಡುಗುತ್ತಿದ್ದವು. ಅದನ್ನು ನೋಡಿ ಒಂದು ಹುಡುಗಿ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದಳು. ಮಗಳು ನನ್ನ ಮುಖ ನೋಡದೆ ಹೇಳಿದಳು:

"ಬೇಡ. ನಿಂತ್ಕೊಳ್ಲಿ."