ತೋಳಿನೊಳಗಿನ ದಾರ

ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಇವತ್ತು ದರ್ಗಾದ ಕಡೆಯಿಂದ ಲೋಬಾನದ ಹೊಗೆ ಮೂಗಿಗೆ ಬಡಿಯಿತು. ನಮ್ಮ ಆಯಿ, ಅಪ್ಪನ ತಾಯಿ, ನೆನಪಾದಳು.

ನಮ್ಮ ಚರ್ಚಿನ ರೂತಮ್ಮ ಜ್ವರ ಬಂದ ಮಗನಿಗೆ ದರ್ಗಾದ ದಾರ ಕಟ್ಟಿಸಿದ್ದಳು. "ಯೇಸಪ್ಪ ಸಾಲ್ಲಿಲ್ಲೇನ ಬೇ ನಿನಗ?" ಎಂದು ಆಯಿ ಅವಳನ್ನು, ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಪ್ರಭುಭೋಜನದ ಸಾಲಿನಿಂದ ಎಬ್ಬಿಸಿದ್ದಳು.

ಮುಂದಿನ ಮಳೆಗಾಲ ನನ್ನ ತಮ್ಮ ಜ್ವರದಲ್ಲೇ ತೀರಿಕೊಂಡ. ಮಣ್ಣಿಗೆ ಒಯ್ಯುವ ಮುಂಚೆ ಹೊಸ ಅಂಗಿ ತೊಡಿಸುವಾಗ ಅವನ ರಟ್ಟೆಯಲ್ಲಿ ಅಂಥದೇ ದಾರ ಕಂಡಿತು. ಕದ್ದು ಕಟ್ಟಿದವಳು ಆಯಿ. ರೂತಮ್ಮ ಅಂಗಿಯ ತೋಳನ್ನು ದಾರದ ಮೇಲೆಳೆದಳು.

"ನಿನ್ನ ಸಾಲಿನಿಂದ ಎಬ್ಬಿಸಿದ್ನಿ, ನನ್ನ ಎದಿಯೊಳಗ ಏನೈತಂತ ನಾ ನೋಡ್ಕೊಳ್ಳಿಲ್ಲವ್ವಾ," ಎಂದು ಆಯಿ ಅವಳ ಕಾಲ ಬಳಿ ಕುಸಿದಳು.

"ಕೂಸು ಜ್ವರದಾಗ ಮಲಗಿದ್ರ ಜೀವ ಕೇಳಂಗಿಲ್ರಿ ಆಯಿ," ಎಂದಳು ರೂತಮ್ಮ.

ಆಮೇಲೆ ಸಾಯುವವರೆಗೂ ಆಯಿ ಪ್ರಭುಭೋಜನದ ರೊಟ್ಟಿಯ ತಟ್ಟೆಯನ್ನು ತಾನು ತುಣುಕೂ ತಿನ್ನದೆ ಪಕ್ಕದವರಿಗೆ ದಾಟಿಸುತ್ತಿದ್ದಳು. ಈಗ ಆ ತಟ್ಟೆ ನನ್ನ ಕೈಗೆ ಬಂದಾಗ, ತುಣುಕು ಮುರಿಯುವ ಮುಂಚೆ ನನ್ನ ಎದೆಯನ್ನೊಮ್ಮೆ ನೋಡಿಕೊಳ್ಳುತ್ತೇನೆ.