ನಾನು ಹಾಕದ ಬೆಲ್ಟು

ನನ್ನ ಮಗನಿಗೆ ಅಂದು ಸೀಟ್ ಬೆಲ್ಟ್ ಹಾಕಿದವಳು ನಾನಲ್ಲ. ಇಪ್ಪತ್ತು ವರ್ಷಗಳಿಂದ ನಾನೇ ಹಾಕಿದೆ ಎಂದು ಹೇಳಿಕೊಂಡು ಬಂದಿದ್ದೇನೆ — ಮದುವೆಮನೆಗಳಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಕೇಳಿದವರಿಗೂ ಕೇಳದವರಿಗೂ. ಹಾಕಿದವಳು ನನ್ನ ಮಗಳು ಕಾವ್ಯ. ಆಗ ಅವಳಿಗೆ ಒಂಬತ್ತು ವರ್ಷ. ನಾನು ಅದನ್ನು ಬಿಚ್ಚು ಎಂದು ಗದರಿದ್ದೆ.

ಹುಣಸೂರಿನ ನಮ್ಮ ಬೀದಿಯಲ್ಲಿ ಕಾರು ಓಡಿಸಿದ ಮೊದಲ ಹೆಂಗಸು ನಾನು. ಅತ್ತೆಗೆ ಅದು ಹಿಡಿಸಿರಲಿಲ್ಲ. "ಮಕ್ಕಳ್ನ ಕೂರುಸ್ಕಂಡು ಎಲ್ಲಾರ ಗುದ್ದುದ್ರೆ ಏನವ್ವಾ ಗತಿ?" ಎನ್ನುತ್ತಿದ್ದರು. ಆ ಮಾತಿಗೆ ಉತ್ತರವೆಂಬಂತೆ ನಾನು ಬೆನ್ನು ನೆಟ್ಟಗೆ ಮಾಡಿ ಓಡಿಸುತ್ತಿದ್ದೆ. ಐದು ವರ್ಷದ ಮನು ಮುಂದಿನ ಎರಡು ಸೀಟುಗಳ ನಡುವೆ ನಿಂತು, ನನ್ನ ಭುಜಕ್ಕೆ ಗಲ್ಲ ಊರಿ ರಸ್ತೆ ನೋಡುತ್ತಿದ್ದ. ಅವನ ಉಸಿರು ಕಿವಿಗೆ ತಾಗುತ್ತಿತ್ತು. ಅದು ನನಗೆ ಇಷ್ಟ. ಅಪಾಯವೆಂದು ಗೊತ್ತಿರಲಿಲ್ಲ — ಇಲ್ಲ, ಹಾಗೆನ್ನಲಾರೆ. ನನ್ನ ಬೆಲ್ಟನ್ನು ನಾನು ಹಾಕಿಕೊಳ್ಳುತ್ತಿದ್ದೆ, ಪೊಲೀಸರ ಭಯಕ್ಕೆ. ಹಿಂದಿನ ಬೆಲ್ಟುಗಳು ಮಾತ್ರ ಸೀಟಿನ ಸಂದಿಯಲ್ಲಿ ಹೂತುಹೋಗಿದ್ದವು.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಬೆಟ್ಟದಪುರದ ತವರಿಗೆ ಹೊರಟೆ. ಹಿಂದೆ ಕಾವ್ಯ ಸಂದಿಗೆ ಬೆರಳು ತೂರಿಸಿ ಏನನ್ನೋ ಎಳೆಯುತ್ತಿದ್ದಳು.

"ಏನೇ ಅದು?"

"ಬೆಲ್ಟಮ್ಮ. ಹಾಕ್ಕೊಳ್ದೆ ಇದ್ರೆ ಮೈಸೂರು ಮಾಮ ಕಾರೇ ಸ್ಟಾರ್ಟ್ ಮಾಡಲ್ಲ."

ತಮ್ಮನನ್ನು ನಡುವೆ ಕೂರಿಸಿ ಸೊಂಟಕ್ಕೆ ಬಿಗಿದಳು. ತಾನೂ ಹಾಕಿಕೊಂಡಳು. ನಿಲ್ಲಲು ಬಿಡಲಿಲ್ಲವೆಂದು ಮನು ರಂಪ ಎಬ್ಬಿಸಿದ. ನನಗೆ ತಲೆ ಕೆಟ್ಟಿತು.

"ಬಿಚ್ಚೇ ಅದನ್ನ! ಮಗು ಅಳ್ತಾ ಇಲ್ವಾ?"

"ಹೂಂ" ಎಂದಳು. ಬಿಚ್ಚಲಿಲ್ಲ. "ಬಾರೋ ಮನು, ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆಗಳನ್ನ ಎಣಿಸೋಣ. ನಿಂದು ಆ ಕಡೆ, ನಂದು ಈ ಕಡೆ" ಎಂದು ಅವನನ್ನು ಆಟಕ್ಕೆ ಎಳೆದಳು. ಅಳು ನಿಂತಿತು. ಬಿಚ್ಚಿದ್ದಾಳೆ ಎಂದುಕೊಂಡೆ.

ತಿರುವಿನಲ್ಲಿ ಎಮ್ಮೆಯೊಂದು ರಸ್ತೆಗೆ ನುಗ್ಗಿತು. ಬ್ರೇಕ್ ತುಳಿದು ಪಕ್ಕಕ್ಕೆ ತಿರುಗಿಸಿದೆ. ಕಾರು ಮರಕ್ಕೆ ಬಡಿಯಿತು. ಹಿಂದಿನ ಸೀಟಿನಲ್ಲಿ ಮನುವಿನ ಪಕ್ಕಕ್ಕೆ ಇಟ್ಟಿದ್ದ ತೆಂಗಿನಕಾಯಿ ಚೀಲ ಹಾರಿಬಂದು, ಮನು ದಿನಾ ನಿಲ್ಲುತ್ತಿದ್ದ ಜಾಗವನ್ನು ದಾಟಿ, ಮುಂದಿನ ಗಾಜನ್ನು ಒಡೆದು ಹೊರಗೆ ಬಿತ್ತು. ಮಕ್ಕಳಿಬ್ಬರೂ ಕೂತಲ್ಲೇ ಇದ್ದರು, ಬೆಲ್ಟು ಬಿಗಿದಂತೆಯೇ.

ಆಸ್ಪತ್ರೆಗೆ ನನ್ನ ಗಂಡ, ಅತ್ತೆ ಓಡಿಬಂದರು. ಮನುವಿನ ಹೊಟ್ಟೆಯ ಮೇಲೆ ಮೂಡಿದ್ದ ಕೆಂಪು ಗೆರೆ ನೋಡಿ ಡಾಕ್ಟರು, "ಬೆಲ್ಟ್ ಇದ್ದಿದ್ದಕ್ಕೆ ಹುಡುಗ ಉಳ್ಕೊಂಡ. ಯಾರು ಹಾಕಿದ್ದು?" ಎಂದರು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಕಾರಿನ ಕೀಲಿ ಕೈ ತಪ್ಪುವ ಕ್ಷಣ ಅದು —

"ನಾನೇ" ಎಂದೆ.

ಪಕ್ಕದಲ್ಲಿದ್ದ ಕಾವ್ಯ ತಲೆಯೆತ್ತಿದಳು. ನಾನು ಅವಳ ಅಂಗೈ ಅದುಮಿದೆ.

"ಸದ್ಯ, ನಿಂಗಾರ ಬುದ್ಧಿ ಇತ್ತಲ್ಲವ್ವ" ಎಂದರು ಅತ್ತೆ. ಮತ್ತೆಂದೂ ಅವರು ನನ್ನ ಡ್ರೈವಿಂಗ್ ಬಗ್ಗೆ ಮಾತಾಡಲಿಲ್ಲ. ಹಾಗೆ ನಂಬಿಕೊಂಡೇ ತೀರಿಕೊಂಡರು.

ಮಾರನೆಯ ದಿನ ಜಡೆ ಹೆಣೆಯುತ್ತಾ ಕಾವ್ಯಳಿಗೆ ಹೇಳಿದೆ: "ಅಜ್ಜಿ ಹತ್ರ ಹೇಳ್ಬೇಡ ಕಣೇ. ಆಮೇಲೆ ನನ್ನ ಕಾರು ಮುಟ್ಟಕ್ಕೂ ಬುಡಲ್ಲ."

ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. "ಹೇಳಲ್ಲ. ಆದ್ರೆ ಇನ್ಮೇಲೆ ಅವನು ಎಷ್ಟು ಅತ್ರೂ ನೀನು ಬಿಚ್ಚು ಅನ್ಬಾರ್ದು."

ಒಂಬತ್ತು ವರ್ಷದ ಹುಡುಗಿ! ತಾಯಿಯ ಗದರಿಕೆಗೆ ಜಗ್ಗಲಿಲ್ಲ, ತಮ್ಮನ ರಂಪಕ್ಕೆ ಸೋಲಲಿಲ್ಲ, ನನ್ನ ಸುಳ್ಳನ್ನೂ ಬಿಟ್ಟಿ ಮುಚ್ಚಿಡಲಿಲ್ಲ — ಅದಕ್ಕೂ ನನ್ನಿಂದ ಮಾತು ತೆಗೆದುಕೊಂಡಳು. ಆಮೇಲೆ ತಮ್ಮನೊಡನೆ ಎಷ್ಟು ಜಗಳವಾಡಿದರೂ, "ನಿನ್ನ ಉಳಿಸಿದ್ದು ನಾನು" ಎಂದು ಒಮ್ಮೆಯೂ ಅನ್ನಲಿಲ್ಲ. ಜನ ನನ್ನನ್ನು ಹೊಗಳಿದಾಗ ನನಗಾಗುತ್ತಿದ್ದ ಹೆಮ್ಮೆ ಕದ್ದದ್ದು. ಇವಳನ್ನು ನೆನೆದು ಈಗ ಎದೆ ತುಂಬುತ್ತದಲ್ಲ, ಇದೊಂದೇ ನನ್ನದು.

ಹೋದ ತಿಂಗಳು ಮನುವಿನ ನಿಶ್ಚಿತಾರ್ಥವಾಯಿತು. ಹೆಣ್ಣಿನ ಕಡೆಯವರ ಮುಂದೆ, "ಅವತ್ತು ನಮ್ಮಮ್ಮ ಬೆಲ್ಟ್ ಹಾಕಿಲ್ದಿದ್ರೆ ನಾನು ಇರ್ತಾನೇ ಇರ್ಲಿಲ್ಲ" ಎಂದ. ಎಲ್ಲರೂ ನನ್ನತ್ತ ತಿರುಗಿದರು. ಕಾವ್ಯ ಪಾಯಸ ಬಡಿಸುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ.

ಮೊನ್ನೆ ಭಾನುವಾರ ಮನುವನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಬಿಚ್ಚು ಎಂದದ್ದನ್ನೂ.

"ಅಕ್ಕನಾ?" ಎಂದ. ಎದ್ದು ಹೊರಗೆ ಹೋಗಿ ಫೋನ್ ಮಾಡಿದ. "ಅಕ್ಕಾ..." ಎಂದ. ಫೋನನ್ನು ಕಿವಿಗೆ ಒತ್ತಿಕೊಂಡು ಗೇಟಿನತ್ತ ತಿರುಗಿ ನಿಂತ. ಹೋಗಿ ಬೆನ್ನು ಸವರಬೇಕೆನಿಸಿತು. ಹೋಗಲಿಲ್ಲ. ಆ ಹೊತ್ತು ಅಕ್ಕ ತಮ್ಮನದು. ನಾನು ಅದನ್ನು ಇಪ್ಪತ್ತು ವರ್ಷ ತಡೆದಿದ್ದೆ.

ನಾಳೆ ಬೀಗರ ಮನೆಗೆ ಹೋಗಿ ಹೇಳುತ್ತೇನೆ. ಕಾವ್ಯ ಬೇಡವೆಂದಿದ್ದಾಳೆ. ಈ ಒಂದು ವಿಷಯದಲ್ಲಿ ಅವಳ ಮಾತು ಕೇಳುವುದಿಲ್ಲ.